ಅಂಗೈ ಕೆಳಗಿನ ಹಲಗೆ

ಯಾದಗಿರಿ
3 ನವೆಂಬರ್ 2023

ಅಕ್ಕ,

ಅಂಚೆಯಲ್ಲಿ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಜ್ವರ ಬಂದು ಕಿವಿ ಹೋದ ಮೇಲೆ ಫೋನು ನನ್ನ ಪಾಲಿಗೆ ಕಲ್ಲಿದ್ದಂತೆ. ಬರೆದು ಕಳಿಸಬಹುದು ಎಂದು ಶರಣಕುಮಾರ ಹೊಸದೊಂದನ್ನು ತಂದುಕೊಟ್ಟಿದ್ದಾನೆ. ಆದರೆ ಅದನ್ನು ತೆರೆಯುವ ಗುಟ್ಟಿನ ಅಂಕಿ ಹಾಕಿಕೊಟ್ಟವನೂ ಅವನೇ. ನಾನು ಬರೆಯಬೇಕಿರುವುದು ಅವನ ಬಗ್ಗೆ, ಅವನ ಹೆಂಡತಿ ಭುವನೇಶ್ವರಿಯ ಬಗ್ಗೆ. ಮಗ ಓದಬಹುದಾದ ಫೋನಿನಲ್ಲಿ ಮಗನ ಮೇಲಿನ ಅನುಮಾನ ಬರೆಯುವಷ್ಟು ದಡ್ಡ ನಾನಲ್ಲ. ನೀನೂ ಉತ್ತರವನ್ನು ಮನೆಗೆ ಹಾಕಬೇಡ. ಸ್ಟೇಷನ್ನಿನ ಎದುರು ಚಹಾದಂಗಡಿ ಇಟ್ಟಿರುವ ಏಜಾಜನ ವಿಳಾಸ ಕೆಳಗೆ ಬರೆದಿದ್ದೇನೆ, ಅಲ್ಲಿಗೆ ಹಾಕು. ದಿನಾ ಸಂಜೆ ಹೋಗುತ್ತೇನೆ.

ನಾನು ರೈಲ್ವೆಯಿಂದ ನಿವೃತ್ತನಾದ ದಿನ ಜೊತೆಯ ಗಾರ್ಡುಗಳು ಸಿಕಂದರಾಬಾದಿನಿಂದ ತರಿಸಿಕೊಟ್ಟ ಆಟಿಕೆ ರೈಲು ನಿನಗೆ ನೆನಪಿರಬೇಕು. ಕರೆಂಟಿನಲ್ಲಿ ಓಡುವಂಥದ್ದು. ಎಂಜಿನ್ನು ನನ್ನ ಅಂಗೈಗಿಂತ ತುಸು ಉದ್ದ. ಎಷ್ಟೋ ವರ್ಷ ಅದು ಅಟ್ಟದ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಈ ಮಳೆಗಾಲದ ಮೊದಲಲ್ಲಿ ಇಳಿಸಿದ್ದೇನೆ. ಹಿಂದಿನ ಕಾಳಿನ ಕೋಣೆ ಖಾಲಿ ಮಾಡಿ ಅದರಲ್ಲಿ ಯಾದಗಿರಿ ಸ್ಟೇಷನ್ನನ್ನೇ ಕಟ್ಟುವವನಿದ್ದೇನೆ. ಪ್ಲಾಟ್‌ಫಾರ್ಮು, ಗೂಡ್ಸ್ ಶೆಡ್ಡು, ಹಿಂದಿನ ಕೋಟೆ ಗುಡ್ಡ, ಎಲ್ಲ. ಆದರೆ ಅದೆಲ್ಲ ಆಮೇಲಿನ ಮಾತು. ಮೊದಲು ಹಲಗೆ.

ಎರಡು ಪ್ಲೈವುಡ್ ಹಾಳೆಗಳನ್ನು ಕಟ್ಟಿಗೆಯ ಚೌಕಟ್ಟಿನ ಮೇಲೆ ಕೂಡಿಸಿದ್ದೇನೆ. ನೋಡಿದರೆ ಸಪಾಟಾಗಿದೆ. ಹಳಿ ಜೋಡಿಸಿ ಓಡಿಸಿದರೆ ಎಂಜಿನ್ನು ಕೂಡಿದ ಜಾಗದಲ್ಲಿ ಪುಟಿದು ಮಗ್ಗುಲಾಗುತ್ತದೆ. ನಿಜವಾದ ಗಾಡಿಗೆ ಅಷ್ಟು ಸಣ್ಣ ಉಬ್ಬು ಲೆಕ್ಕಕ್ಕಿಲ್ಲ. ಈ ಚಿಕ್ಕ ಗಾಲಿಗಳಿಗೆ ಅದೇ ಗುಡ್ಡ. ಅದಕ್ಕೆ ಸ್ಕ್ರೂಗಳ ತಲೆಯನ್ನು ಒಳಗಿಳಿಸಿ, ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತೇನೆ. ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ಉಬ್ಬು ಎಲ್ಲಿದೆ ಎಂಬುದು ಕಣ್ಣಿಗೆ ಸಿಗುವುದಿಲ್ಲ. ಕಣ್ಣು ಮುಚ್ಚಿ ಅಂಗೈ ಆಡಿಸಬೇಕು. ಕಿವಿ ಹೋದವನಿಗೆ ದೇವರು ಅಂಗೈ ಕೊಟ್ಟಿದ್ದಾನೆ ಎಂದುಕೊಂಡು ಸಮಾಧಾನದಲ್ಲಿದ್ದೆ.

ಈಗ ವಿಷಯ. ಯಾರೋ ನನ್ನ ಹಲಗೆಗೆ ನೀರು ಹಾಕುತ್ತಿದ್ದಾರೆ.

ಬಣ್ಣದ ಮೊದಲ ಕೋಟು ಬೀಳುವ ತನಕ ಪ್ಲೈವುಡ್ಡಿಗೆ ನೀರು ಸೋಕಬಾರದು. ಸೋಕಿದರೆ ಊದಿಕೊಳ್ಳುತ್ತದೆ. ಸಂಜೆ ಅಂಗೈಯಲ್ಲಿ ನೋಡಿ ನಯವಾಗಿದೆ ಎಂದು ಹೊರಟಿರುತ್ತೇನೆ. ಬೆಳಿಗ್ಗೆ ಬಂದು ಮುಟ್ಟಿದರೆ ಅಂಚಿನಲ್ಲಿ ಉಬ್ಬಿರುತ್ತದೆ. ಒಂದು ಸಲವಲ್ಲ, ಹಲವು ಸಲ. ನಿನ್ನೆ ಬೇಗ ವಾಪಸು ಬಂದೆ. ಹಲಗೆಯ ಮೂಲೆ ಇನ್ನೂ ಹಸಿಯಾಗಿತ್ತು. ಭುವನೇಶ್ವರಿ ಅಡುಗೆಮನೆಯಲ್ಲಿದ್ದಳು. ನನ್ನನ್ನು ನೋಡಿ ನಕ್ಕಳು. ಅವಳು ಯಾವಾಗಲೂ ನಗುತ್ತಾಳೆ. ಕೋಣೆಗೆ ಯಾರು ಹೋಗಿದ್ದರು ಎಂದು ಕೇಳಿದೆ. ಪಾಟಿಯ ಮೇಲೆ ಬರೆದು ತೋರಿಸಿದಳು: ‘ಯಾರೂ ಇಲ್ರಿ.’

ಯಾರೂ ಇಲ್ಲದೆ ನೀರು ಎಲ್ಲಿಂದ ಬರುತ್ತದೆ?

ನಿನ್ನ ತಮ್ಮ,
ವಿಶ್ವರಾಧ್ಯ


ಸುರಪುರ
16 ನವೆಂಬರ್ 2023

ವಿಶ್ವಾ,

ದೀಪಾವಳಿಯ ಗದ್ದಲದಲ್ಲಿ ಬರೆಯಲು ತಡವಾಯಿತು. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ಇನ್ನೂ ದುಂಡಗಿದೆ. ಶಾಲೆಯಲ್ಲಿ ನಾನು ಕಲಿಸಿದ ಮಕ್ಕಳಲ್ಲಿ ಒಬ್ಬರಿಗೂ ಇಂಥ ಅಕ್ಷರ ಬರಲಿಲ್ಲ.

ಮೊದಲು ನಗು ಬಂದದ್ದು ನಿಜ. ಅರವತ್ತು ದಾಟಿದವನು ಆಟಿಕೆ ರೈಲಿಗೆ ಹಲಗೆ ಉಜ್ಜುವುದು, ಅದಕ್ಕೆ ಯಾರೋ ನೀರು ಹಾಕುವುದು! ಆದರೆ ಆ ‘ಯಾರೂ ಇಲ್ರಿ’ ಓದಿದಾಗ ನಗು ನಿಂತಿತು. ಹಸಿ ಹಲಗೆ ಎದುರಿಗಿರುವಾಗ ಯಾರೂ ಇಲ್ಲ ಎನ್ನುವವರು ಮುಂದೆ ಇನ್ನೇನಕ್ಕಾದರೂ ಇಲ್ಲ ಎನ್ನಬಲ್ಲರು.

ನಿನ್ನ ಸೊಸೆಯನ್ನು ನಾನು ಮೊದಲಿಂದಲೂ ಪೂರ್ತಿ ನಂಬಿದವಳಲ್ಲ. ಮದುವೆಯ ದಿನದಿಂದ ನೋಡಿದ್ದೇನೆ, ಬೈದರೂ ನಗುತ್ತಾಳೆ, ಹೊಗಳಿದರೂ ನಗುತ್ತಾಳೆ. ಮನಸ್ಸಿನಲ್ಲಿ ಏನಿದೆ ಎಂದು ಒಂದು ದಿನವೂ ಮುಖದ ಮೇಲೆ ತಂದವಳಲ್ಲ. ಸೌಭಾಗ್ಯ ಬದುಕಿದ್ದಾಗಲೂ ಇದನ್ನೇ ಹೇಳುತ್ತಿದ್ದೆ. ‘ಅಕ್ಕಾ, ನಿಮಗ ಜಗಳಾಡೋರೇ ಬೇಕು’ ಎಂದು ನಿನ್ನ ಹೆಂಡತಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಕೋಣೆಗೆ ಬೀಗ ಹಾಕು. ಕೀಲಿ ಉಡಿದಾರಕ್ಕೆ ಕಟ್ಟಿಕೋ. ಆಮೇಲೆ ಅವರು ಏನು ಮಾಡುತ್ತಾರೆ ನೋಡು. ಹಲಗೆಯಷ್ಟೇ ಬೇಡವಾದವರು ಸುಮ್ಮನಿರುತ್ತಾರೆ. ಕೋಣೆ ಬೇಕಾದವರು ಸುಮ್ಮನಿರುವುದಿಲ್ಲ.

ಕೂಸು ಹೇಗಿದೆ? ಸೌಭಾಗ್ಯಳ ಹೆಸರಿಟ್ಟುಕೊಂಡು ಅವಳಂತೆಯೇ ಹಟ ಮಾಡುತ್ತದೆಯೇ?

ನಿನ್ನ ಅಕ್ಕ,
ದೇವಕ್ಕ


ಯಾದಗಿರಿ
9 ಡಿಸೆಂಬರ್ 2023

ಅಕ್ಕ,

ನೀನು ಹೇಳಿದಂತೆ ಬೀಗ ಹಾಕಿದೆ. ಅವರು ಸುಮ್ಮನಿರಲಿಲ್ಲ.

ಹಲಗೆ ಈಗ ಒದ್ದೆಯಾಗುವುದಿಲ್ಲ. ಆದರೆ ನಾನು ಒಳಗೆ ಕೆಲಸ ಮಾಡುತ್ತಿರುವಾಗ ಹೊರಗಿನಿಂದ ಬಾಗಿಲ ಕೆಳಗಿನ ಸಂದಿಗೆ ಹಳೆಯ ಅರಿವೆ ತುರುಕುತ್ತಾರೆ. ಮೊದಲ ದಿನ ಅರಿವೆಯ ತುದಿ ಒಳಗೆ ಬಂದದ್ದು ನೋಡಿ ಎಳೆದು ಬಿಸಾಡಿದೆ. ಮರುದಿನ ಮತ್ತೆ ಇತ್ತು. ಕದ ತೆರೆದು ನೋಡಿದರೆ ಅಡ್ಡ ಒಂದು ಹಸಿ ಬೆಡ್‌ಶೀಟು ತೂಗುಹಾಕಿದ್ದರು. ಒಣಗಿಸಲು ಇಡೀ ಅಂಗಳ ಬಿದ್ದಿರುವಾಗ ನನ್ನ ಬಾಗಿಲ ಮುಂದೆ ಏಕೆ? ನಾನು ಹೊರಗೆ ಬರುವುದು ಅವರಿಗೆ ಕಾಣಬೇಕು, ಹೊರಗೆ ನಡೆಯುವುದು ನನಗೆ ಕಾಣಬಾರದು. ಬೇರೆ ಕಾರಣ ನನಗೆ ತೋಚಲಿಲ್ಲ.

ಕಿವಿ ಕೇಳದೆ ಮನೆಯಲ್ಲಿ ಬದುಕುವುದು ಹೇಗೆ ಎಂದು ನಿನಗೆ ಹೇಳಬೇಕು. ತುಟಿ ನೋಡಿ ಅರ್ಧ ಮಾತು ತಿಳಿಯಲು ಕಲಿತಿದ್ದೇನೆ. ನನ್ನ ಎದುರು ನಿಂತು ನಿಧಾನವಾಗಿ ಆಡಿದರೆ ಮುಕ್ಕಾಲು ತಿಳಿಯುತ್ತದೆ. ಅದು ಅವರಿಗೂ ಗೊತ್ತು. ಅದಕ್ಕೇ ಗಂಡಹೆಂಡತಿ ಈಗ ನನ್ನ ಕಡೆ ಬೆನ್ನು ಮಾಡಿ ಮಾತಾಡುತ್ತಾರೆ. ಬೆನ್ನುಗಳು ಅಲ್ಲಾಡುವುದಷ್ಟೇ ಕಾಣುತ್ತದೆ. ನಾನು ಒಳಗೆ ಬಂದರೆ ಇಬ್ಬರೂ ತಿರುಗಿ ನಗುತ್ತಾರೆ.

ಕಳೆದ ವಾರ ಒಬ್ಬ ಬಂದಿದ್ದ. ಚರ್ಮದ ಬ್ಯಾಗು, ಇಸ್ತ್ರಿ ಮಾಡಿದ ಅಂಗಿ. ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಶರಣಕುಮಾರ ಅವನನ್ನು ನನ್ನ ಪಕ್ಕದಿಂದಲೇ ಒಳಗೆ ಕರೆದೊಯ್ದ. ಅವನು ಮಗ ಸೊಸೆ ಮಲಗುವ ನಡುವಿನ ಕೋಣೆಯ ಕಿಟಕಿ ತೆರೆದು ನೋಡಿದ, ಮಾಳಿಗೆ ನೋಡಿದ, ನನ್ನ ಕಾಳಿನ ಕೋಣೆಗೂ ಆ ಕೋಣೆಗೂ ನಡುವೆ ಇರುವ ಕಟ್ಟಿಗೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಗೋಡೆ ತಟ್ಟಿ ನೋಡುವವರು ಯಾರು? ಮನೆ ಕೊಳ್ಳುವವರು, ಇಲ್ಲ ಕೊಡಿಸುವವರು. ಅವನು ಯಾರು ಎಂದು ಕೇಳಿದೆ. ‘ಫಿರೋಜ್ ಅಂತ, ದೋಸ್ತ್’ ಎಂದು ಬರೆದ ನನ್ನ ಮಗ. ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುವವನಿಗೆ ಗೋಡೆ ತಟ್ಟುವ ದೋಸ್ತ್ ಏಕೆ ಬೇಕು?

ಇನ್ನೊಂದು. ಈಚೆಗೆ ಭಾನುವಾರಗಳಂದು ಮೂವರೂ ಶಹಾಪುರಕ್ಕೆ ಹೋಗುತ್ತಾರೆ. ಕೇಳಿದರೆ ಒಂದು ದಿನ ಮದುವೆ, ಇನ್ನೊಂದು ದಿನ ತೊಟ್ಟಿಲು. ಮೊಮ್ಮಗಳು ಭಾಗಿಗೆ ಹೊಸ ಅಂಗಿ ಹಾಕಿಸುವುದಿಲ್ಲ. ಶಾಲೆಯ ಸ್ವೆಟರಿನಲ್ಲೇ ಕರೆದೊಯ್ಯುತ್ತಾರೆ. ಸ್ವೆಟರ್ ಹಾಕಿಕೊಂಡು ಮದುವೆಗೆ ಹೋಗುವ ಮಗುವನ್ನು ನೀನು ನೋಡಿದ್ದೀಯಾ?

ನನಗನ್ನಿಸುವುದು ಇಷ್ಟು. ಈ ಮನೆ ಮಾರಿ ಶಹಾಪುರದಲ್ಲಿ ಇನ್ನೊಂದು ಹುಡುಕುತ್ತಿದ್ದಾರೆ. ಅಲ್ಲಿ ಕಾಳಿನ ಕೋಣೆ ಇರುವುದಿಲ್ಲ. ರೈಲೂ ಇಲ್ಲ. ಇಲ್ಲಿ ಗಾಡಿ ಹೋದರೆ ನೆಲ ನಡುಗಿ ನನ್ನ ಪಾದಕ್ಕೆ ತಿಳಿಯುತ್ತದೆ. ಅಷ್ಟು ಮಾತ್ರ ನನಗೆ ಉಳಿದಿರುವುದು.

ನಿನ್ನ ತಮ್ಮ,
ವಿಶ್ವರಾಧ್ಯ


ಸುರಪುರ
18 ಡಿಸೆಂಬರ್ 2023

ವಿಶ್ವಾ,

ಎಲ್ಲಿಯೂ ಸಹಿ ಮಾಡಬೇಡ. ಪಿಂಚಣಿಗೆ ಬೇಕು, ಆಧಾರಿಗೆ ಬೇಕು ಎಂದರೂ ನನ್ನನ್ನು ಕೇಳದೆ ಹೆಬ್ಬೆಟ್ಟು ಕೂಡ ಒತ್ತಬೇಡ.

ಶಹಾಪುರದಲ್ಲಿ ನಮ್ಮ ಬಳಗದಲ್ಲಿ ಈ ತಿಂಗಳು ಮದುವೆಯಾಗಲಿ ತೊಟ್ಟಿಲಾಗಲಿ ಇರಲಿಲ್ಲ. ವಿಚಾರಿಸಿದೆ. ಅವರು ನಿನಗೆ ಸುಳ್ಳು ಹೇಳುತ್ತಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಯಾಕೆ ಎಂಬುದನ್ನು ನಾನೇ ಬಂದು ನೋಡುತ್ತೇನೆ. ಬರುವ ದಿನ ಹೇಳುವುದಿಲ್ಲ. ಹೇಳಿ ಬಂದರೆ ಎಲ್ಲರೂ ಮುಖ ತೊಳೆದುಕೊಂಡು ಕೂರುತ್ತಾರೆ.

ದೇವಕ್ಕ


ಯಾದಗಿರಿ
5 ಜನವರಿ 2024

ಅಕ್ಕ,

ಬೇಗ ಬಾ.

ಭಾಗಿಯನ್ನು ಕಳಿಸಿಬಿಟ್ಟರು. ಮುದನಾಳದಲ್ಲಿರುವ ಭುವನೇಶ್ವರಿಯ ತವರಿಗೆ, ಅವಳ ತಾಯಿ ಮಲ್ಲಿಕಮ್ಮನ ಹತ್ತಿರ. ಶಾಲೆ ನಡೆಯುತ್ತಿರುವಾಗ! ‘ಅಜ್ಜಿ ಕರದಾಳ’ ಎಂದು ಪಾಟಿಯ ಮೇಲೆ ಬರೆದರು. ಮೊದಲು ಆ ಮಗು ನನ್ನ ಕೋಣೆಯ ಹೊಸ್ತಿಲ ಮೇಲೆ ಕುಳಿತು ರೈಲಿನ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿತ್ತು. ನಾನು ಉಜ್ಜುವುದು ಮುಗಿದರೆ ಅವಳು ಒಂದು ಸಲ ಕೈಯಾಡಿಸಿ ತಲೆಯಾಡಿಸುತ್ತಿದ್ದಳು, ಚೆನ್ನಾಗಿದೆ ಎಂದು. ಆಮೇಲಾಮೇಲೆ ಹೊಸ್ತಿಲಿಗೆ ಬಂದ ಕೂಡಲೇ ತಾಯಿ ಬಂದು ಎತ್ತಿಕೊಂಡು ಹೋಗುವಳು. ಈಗ ಊರಿನಿಂದಲೇ ಎತ್ತಿದರು. ನನ್ನಿಂದ ಕೂಸನ್ನು ದೂರ ಮಾಡಿದರೆ ನಾನಾಗಿಯೇ ಮಣಿಯುತ್ತೇನೆ ಎಂದುಕೊಂಡಿರಬೇಕು. ಮಧ್ಯಾಹ್ನದ ಮೇಲೆ ಭುವನೇಶ್ವರಿಯೂ ಆಟೋ ಹತ್ತಿ ಹೋಗುತ್ತಾಳೆ, ಕತ್ತಲಾಗುವ ಮುಂಚೆ ಬರುತ್ತಾಳೆ.

ಇನ್ನೊಂದು ಸಂಗತಿಯನ್ನು ಇಲ್ಲಿಯವರೆಗೆ ಬರೆದಿರಲಿಲ್ಲ. ನನಗೇ ನಂಬಿಕೆ ಇರಲಿಲ್ಲ.

ಭಾಗಿ ಇಲ್ಲಿದ್ದ ಕೊನೆಯ ದಿನಗಳಲ್ಲಿ ನನ್ನ ಹಲಗೆ ನಡುಗುತ್ತಿತ್ತು. ಹಲಗೆಯ ಒಂದು ಅಂಚನ್ನು ಆ ಕಟ್ಟಿಗೆಯ ಗೋಡೆಗೇ ಕೂಡಿಸಿದ್ದೇನೆ. ಉಬ್ಬು ಹುಡುಕಲು ಅಂಗೈ ಇಟ್ಟಾಗ ಅದು ತಿಳಿಯಿತು. ರೈಲಿನ ನಡುಕ ನನಗೆ ಗೊತ್ತು. ಅದು ನೆಲದಿಂದ ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಇದು ಗೋಡೆಯಿಂದ ಬರುತ್ತಿತ್ತು. ಏರುವುದಿಲ್ಲ, ಇಳಿಯುವುದಿಲ್ಲ, ಸಣ್ಣಗೆ ಒಂದೇ ಸಮನೆ, ಸೊಳ್ಳೆ ಕುಳಿತಂತೆ. ತಟ್ಟನೆ ಶುರು, ಸ್ವಲ್ಪ ಹೊತ್ತಿಗೆ ತಟ್ಟನೆ ಬಂದ್. ದಿನಾ ಸಂಜೆ. ಗೋಡೆಯ ಆಚೆ ಅವರು ಏನೋ ಯಂತ್ರ ನಡೆಸುತ್ತಿದ್ದರು. ಒಂದು ದಿನ ಎದ್ದು ಹೋಗಿ ಬಾಗಿಲು ನೂಕಿದೆ. ಒಳಗಿನಿಂದ ಅಗಳಿ ಹಾಕಿತ್ತು. ಶರಣಕುಮಾರ ತೆರೆದಾಗ ಗೋಡೆಯ ಮಾಡದ ಮೇಲೆ ಬಿಳಿ ಟವಲು ಮುಚ್ಚಿದ ಏನೋ ಇತ್ತು. ಭಾಗಿ ತಾಯಿಯ ತೊಡೆಯ ಮೇಲಿದ್ದಳು, ಮುಖ ಸೆರಗಿನಲ್ಲಿತ್ತು. ‘ಏನದು?’ ಎಂದೆ. ‘ಮಿಕ್ಸರ್’ ಎಂದು ಬರೆದ. ಮಲಗುವ ಕೋಣೆಯಲ್ಲಿ ಅಗಳಿ ಹಾಕಿಕೊಂಡು ಮಿಕ್ಸರ್!

ಅವಳು ಮುದನಾಳಕ್ಕೆ ಹೋದ ಮೇಲೆ ಹಲಗೆ ನಡುಗಿಲ್ಲ.

ಹಲಗೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕುಳಿತಿರುತ್ತೇನೆ. ಸಂದಿಯ ಹತ್ತಿರ ಇನ್ನೂ ಒಂದು ಏರು ಉಳಿದಿದೆ. ಉಜ್ಜಲು ಮನಸ್ಸಿಲ್ಲ.

ವಿಶ್ವರಾಧ್ಯ


ಸುರಪುರ
24 ಜನವರಿ 2024

ವಿಶ್ವಾ,

ಈ ಪತ್ರವನ್ನು ಏಜಾಜನ ಅಂಗಡಿಯಲ್ಲಿ ಕುಳಿತೇ ಪೂರ್ತಿ ಓದು. ನಡುವೆ ಎದ್ದು ಹೋಗಬೇಡ.

ಭೋಗಿಯ ಮುಂಜಾನೆ ನಾನು ಹೇಳದೆ ಬಂದಾಗ ನೀನು ಖುಷಿಪಟ್ಟೆ. ಕಣ್ಣಿನಲ್ಲೇ ‘ನೋಡು, ನೋಡು’ ಎಂದೆ. ನಾನು ನೋಡಿದೆ. ನಿನ್ನ ಎದುರಿಗೆ ಹೇಳಬೇಕಿತ್ತು. ಪಾಟಿ ಕೈಗೆ ತೆಗೆದುಕೊಂಡು ಎರಡು ಸಲ ಕೆಳಗಿಟ್ಟೆ. ಯಾರಿಗೂ ಹೇಳುವುದಿಲ್ಲ ಎಂದು ನಿನ್ನ ಸೊಸೆಗೆ ಮಾತು ಕೂಡ ಕೊಟ್ಟೆ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ.

ಹಬ್ಬಕ್ಕೆಂದು ಭಾಗಿಯನ್ನು ಕರೆತಂದಿದ್ದರಲ್ಲ. ನೀನು ಪಡಸಾಲೆಯಲ್ಲಿ ಸಜ್ಜಿ ರೊಟ್ಟಿ ತಿನ್ನುತ್ತಿದ್ದೆ. ಮಗು ನಿನ್ನ ಬೆನ್ನ ಹಿಂದೆ, ಕಂಬಕ್ಕೆ ಆತು ನಿಂತು, ಕೆಮ್ಮುತ್ತಿತ್ತು. ಸಾಧಾರಣ ಕೆಮ್ಮಲ್ಲ ವಿಶ್ವಾ. ಉಸಿರು ಒಳಗೆ ಹೋಗುವಾಗ ಸೀಟಿ ಊದಿದಂತೆ ಸದ್ದು. ಮಗು ಬಾಯಿಗೆ ಎರಡೂ ಕೈ ಅಡ್ಡ ಹಿಡಿದುಕೊಂಡಿತ್ತು. ನೀನು ರೊಟ್ಟಿ ಮುರಿದು ನನ್ನ ಕಡೆ ನೋಡಿ ನಕ್ಕೆ. ಭುವನೇಶ್ವರಿ ಬಂದು ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ.

ಮಾಡದ ಮೇಲಿನ ಟವಲು ತೆಗೆದಳು. ಕೆಳಗೆ ಬಿಳಿ ಡಬ್ಬಿ, ಅದಕ್ಕೊಂದು ಕೊಳವೆ, ಕೊಳವೆಗೆ ಮುಖವಾಡ. ಔಷಧಿಯನ್ನು ಹೊಗೆಯಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ. ಗುಂಡಿ ಒತ್ತಿದಳು. ಅದು ಗುಂಯ್ ಎಂದಿತು. ನಿನ್ನ ಹಲಗೆಯನ್ನು ನಡುಗಿಸಿದ್ದು ಅದು.

‘ಇದೇನ ಭುವನಾ?’ ಎಂದೆ.

‘ದಮ್ಮಿನ ತ್ರಾಸರಿ ಅತ್ತಿಯವರ. ಮಾವಾರು ಪುಟ್ಟಿ ಉಜ್ಜತಾರಲ್ರಿ, ಆ ಧೂಳು. ಮಳಿಗಾಲದಾಗೇ ಸುರು ಆಗಿತ್ತು. ಧೂಳಿಂದ ದೂರ ಇಡ್ರಿ ಅಂತ ಡಾಕ್ಟರ್ ಹೇಳ್ಯಾರ.’

ಆ ಡಾಕ್ಟರು ಕಲಬುರಗಿಯಿಂದ ಬಂದು ಭಾನುವಾರ ಶಹಾಪುರದಲ್ಲಿ ಕೂರುವವರು. ಅದೇ ನಿನ್ನ ಮದುವೆ, ಅದೇ ತೊಟ್ಟಿಲು. ಫಿರೋಜ್ ಔಷಧಿ ಅಂಗಡಿಯವನು. ಯಂತ್ರ ನಡೆಸುವುದನ್ನು ತೋರಿಸಲು ಬಂದಿದ್ದ. ಧೂಳು ಎಲ್ಲಿಂದ ಬರುತ್ತದೆ ಎಂದು ನೋಡಿ, ಗೋಡೆಯ ಹಲಗೆಗಳ ನಡುವೆ ಸಂದಿ ಇದೆ ಎಂದು ಹೇಳಿಹೋದ. ಬಾಗಿಲ ಕೆಳಗಿನ ಅರಿವೆ ಧೂಳಿಗೆ. ಹಸಿ ಬೆಡ್‌ಶೀಟು ಧೂಳಿಗೆ. ನೀನು ಹೊರಗೆ ಹೋದಾಗ ಅವಳು ಹಸಿ ಬಟ್ಟೆಯಿಂದ ಕೋಣೆಯನ್ನೆಲ್ಲ ಒರೆಸುತ್ತಿದ್ದಳು. ಹಲಗೆಯನ್ನೂ ಒರೆಸಿದಳು. ಅದಕ್ಕೆ ನೀರು ಆಗದು ಎಂಬುದು ಅವಳಿಗೆ ಗೊತ್ತಿರಲಿಲ್ಲ.

‘ಅವನಿಗಿ ಯಾಕ ಹೇಳಲಿಲ್ಲವಾ ನೀವು? ಬಾಯಿಲ್ಲೇನು, ಪಾಟಿ ಇಲ್ಲೇನು?’ ಎಂದು ರೇಗಿದೆ.

ಶರಣಕುಮಾರ ಬಾಗಿಲಲ್ಲಿ ನಿಂತಿದ್ದ. ‘ಅತ್ತಿ, ಕಿವಿ ಹೋದ ವರ್ಷ ಅಪ್ಪ ಹ್ಯಾಂಗಿದ್ದಾ ನೀ ನೋಡೀದಿಲ್ಲ? ಗ್ವಾಡಿಗಿ ಮುಖಾ ಮಾಡಿ ಮಲಗತಿದ್ದ. ಊಟ ಬಿಟ್ಟಿದ್ದ. ಆ ಹಲಗಿ ಬಂದ ಮ್ಯಾಲ ಎದ್ದು ಕುಂತಾನ. ಒಮ್ಮಿ ಇಕಿ ಪಾಟಿ ಮ್ಯಾಲ ಧೂಳ ಬಾಳ ಆಗ್ಯಾದ ಅಂತ ಬರದ್ಲು. ಎಲ್ಲಾ ಒಯ್ದು ಹೊಳಿಗಿ ಚೆಲ್ಲತೀನಿ ಅಂದ, ಮತ್ತ ಎರಡ ದಿನ ಉಣಲಿಲ್ಲ. ನನಗ ಅಪ್ಪನೂ ಬೇಕು, ಕೂಸೂ ಬೇಕು. ನಾ ಏನ ಮಾಡ್ಲಿ?’

ಭಾಗಿ ಮುಖವಾಡ ತೆಗೆದು ನನಗೆ ಹೇಳಿತು: ‘ಮುತ್ಯಾಗ ಹೇಳಬ್ಯಾಡ. ಮುತ್ಯಾ ರೈಲ್ ಬಂದ್ ಮಾಡ್ತಾನ.’

ನಿನ್ನ ಸೊಸೆಯ ಬಗ್ಗೆ ನಾನು ಹಿಂದೆ ಬರೆದದ್ದನ್ನೆಲ್ಲ ಹರಿದುಹಾಕು.

ನಿನ್ನ ಅಕ್ಕ,
ದೇವಕ್ಕ


ಯಾದಗಿರಿ
2 ಫೆಬ್ರುವರಿ 2024

ಅಕ್ಕ,

ನಿನ್ನನ್ನೂ ತಮ್ಮ ಕಡೆ ಎಳೆದುಕೊಂಡರು. ಒಂದು ದಿನದ ಹೋಳಿಗೆಗೆ ನೀನೂ ಹೋದೆ.

ಮಳೆಗಾಲದಿಂದ ಮಗು ಕೆಮ್ಮುತ್ತಿದ್ದರೆ ನನಗೆ ಕಾಣುತ್ತಿರಲಿಲ್ಲವೇ? ನನಗೆ ಹೋಗಿರುವುದು ಕಿವಿ, ಕಣ್ಣಲ್ಲ. ಆ ಯಂತ್ರವನ್ನು ನಿನಗೆ ತೋರಿಸಿದರು, ನನಗೆ ಏಕೆ ಮಿಕ್ಸರ್ ಎಂದರು? ಒಂದು ಸುಳ್ಳು ಹೇಳಿದವರು ಇನ್ನೊಂದನ್ನು ಚೆಂದವಾಗಿ ಹೊಲಿಯಬಲ್ಲರು. ನನ್ನನ್ನು ಕೋಣೆಯಿಂದ ಏಳಿಸಲು ಮಗುವಿನ ಹೆಸರಿಗಿಂತ ಒಳ್ಳೆಯ ನೆಪ ಇನ್ನೇನಿದೆ?

ಇನ್ನು ಬರೆಯುವುದಿಲ್ಲ.

ವಿಶ್ವರಾಧ್ಯ


ಸುರಪುರ
9 ಫೆಬ್ರುವರಿ 2024

ವಿಶ್ವಾ,

ಕಣ್ಣಿದ್ದರೆ ಮುದನಾಳಕ್ಕೆ ಹೋಗು. ಯಾರಿಗೂ ಹೇಳಬೇಡ. ಯಾರನ್ನೂ ಕೇಳಬೇಡ. ಹೋಗಿ ನೋಡು.

ದೇವಕ್ಕ


ಯಾದಗಿರಿ
26 ಫೆಬ್ರುವರಿ 2024

ಅಕ್ಕ,

ಹೋಗಿದ್ದೆ.

ನಿನ್ನ ಮಾತನ್ನು ಸುಳ್ಳು ಮಾಡಬೇಕು ಎಂದೇ ಹೋದೆ. ಇದನ್ನು ಮೊದಲು ಹೇಳಿಬಿಡುತ್ತೇನೆ. ಊಟದ ಹೊತ್ತಿಗೆ ಆಟೋ ಹಿಡಿದು, ಮುದನಾಳದ ಅಗಸಿ ಬಾಗಿಲಲ್ಲಿ ಇಳಿದು, ಬಿಸಿಲಲ್ಲಿ ನಡೆದುಕೊಂಡು ಮಲ್ಲಿಕಮ್ಮನ ಮನೆಗೆ ಹೋದೆ. ಭಾಗಿ ಕಟ್ಟೆಯ ಮೇಲೆ ಕುಳಿತು ಕಡ್ಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಮುಖ ಗೆಲುವಾಗಿತ್ತು. ಚೆನ್ನಾಗಿಯೇ ಇದ್ದಾಳೆ, ನೋಡು, ಎಂದು ಮನಸ್ಸಿನಲ್ಲೇ ನಿನಗೆ ಹೇಳಿದೆ. ನನ್ನನ್ನು ಕಂಡು ಓಡಿಬಂದಳು. ಎತ್ತಿಕೊಂಡೆ. ಬೀಳಬಾರದೆಂದು ಬೆನ್ನಿಗೆ ಅಂಗೈ ಕೊಟ್ಟೆ.

ಓಡಿದ್ದು ಹತ್ತು ಹೆಜ್ಜೆಯೂ ಇರಲಿಕ್ಕಿಲ್ಲ. ಅಷ್ಟಕ್ಕೇ ಆ ಬೆನ್ನಿನೊಳಗೆ ಏನೋ ಗರಗರ ಎನ್ನುತ್ತಿತ್ತು. ಉಸಿರು ಎಳೆದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ಒಣಗಿದ ಪುಟ್ಟಿಯ ಮೇಲೆ ಉಜ್ಜುವ ಕಾಗದ ಎಳೆದರೆ ಕೈಗೆ ಹೇಗೆ ಬರುತ್ತದೆಯೋ ಹಾಗೆ. ಆಮೇಲೆ ಕೆಮ್ಮು ಬಂತು. ಮಗು ರೂಢಿಯಂತೆ ಮುಖ ಆಚೆ ತಿರುಗಿಸಿ ಎರಡೂ ಕೈ ಬಾಯಿಗೆ ಹಿಡಿಯಿತು. ನಾನು ಆ ಕೈಗಳನ್ನು ಬಿಡಿಸಿದೆ. ಐದು ವರ್ಷದ ಕೂಸು ನನ್ನಿಂದ ಕೆಮ್ಮು ಬಚ್ಚಿಡಲು ಕಲಿತಿತ್ತು, ಅಕ್ಕ.

ಮಲ್ಲಿಕಮ್ಮ ನೀರು ತಂದುಕೊಟ್ಟರು. ಏನೋ ಹೇಳಿದರು. ತಿಳಿಯಲಿಲ್ಲ. ನಾನು ಅವರ ಮುಖವನ್ನೂ ನೋಡಲಿಲ್ಲ.

ಮನೆಗೆ ಬಂದವನೇ ಕೋಣೆಯ ಬೀಗ ತೆಗೆದೆ. ಗೋಡೆಗೆ ಕೂಡಿಸಿದ್ದ ಸ್ಕ್ರೂ ಬಿಚ್ಚಿ ಹಲಗೆಯನ್ನು ಒಬ್ಬನೇ ಅಂಗಳಕ್ಕೆ ಎಳೆದೆ. ಸಂದಿ ಬಿಟ್ಟು ಎರಡು ಹೋಳಾಯಿತು. ನೀರು ಕಾಯಿಸುವ ಒಲೆಗೆ ಹಾಕಬೇಕೆಂದು ಕೊಡಲಿ ತೆಗೆದುಕೊಂಡೆ. ಪುಟ್ಟಿಯ ಡಬ್ಬಿಯನ್ನು ಬೀದಿಗೆ ಎಸೆದೆ. ಭುವನೇಶ್ವರಿ ಆಗತಾನೇ ಮುದನಾಳಕ್ಕೆ ಹೊರಡಲು ಸೀರೆ ಉಟ್ಟು ಬಂದವಳು ನೋಡಿದಳು. ಓಡಿಬಂದು ಕೊಡಲಿ ಕಿತ್ತುಕೊಂಡಳು.

ಎದುರಿಗೆ ನಿಂತಳು, ಮುಖಕ್ಕೆ ಮುಖ ಕೊಟ್ಟು. ಬೆನ್ನು ತಿರುಗಿಸಲಿಲ್ಲ. ಪಾಟಿ ಹುಡುಕಲಿಲ್ಲ. ನಗಲಿಲ್ಲ. ಅವಳ ತುಟಿಯ ಒಂದು ಮಾತೂ ನನಗೆ ತಪ್ಪಲಿಲ್ಲ.

‘ಏನ್ ಮಾಡಾಕತ್ತೀರಿ ಮಾವಾರ? ಒಲಿಗಿ ಹಾಕ್ತೀರಿ? ನಾ ಇಷ್ಟ ದಿನ ಈ ಧೂಳ ಬಳದೀನಿ, ಸೀರಿ ಹರದು ಬಾಗಲಿಗಿ ತುರುಕೀನಿ, ನನ್ನ ಕೂಸಿನ್ನ ತವರಿಗಿ ಕಳಿಸಿ ಇಲ್ಲಿ ಕುಂತು ಅತ್ತೀನಿ. ಯಾಕ? ನೀವು ಉಳೀಬೇಕಂತ. ನನಗ ಬೇಕಾಗಿದ್ದು ಹಲಗಿ ಸುಡೋದಲ್ಲ. ಒಂದ್ ಮಾತು ಕೇಳೋರು ಬೇಕಾಗಿತ್ತು. ಧೂಳ ಅಂತ ಬರದ್ರ ಊಟ ಬಿಟ್ರಿ. ನೀರ ಬಿದ್ರ ಕಳ್ಳಿ ನೋಡಿದಂಗ ನೋಡಿದ್ರಿ. ಬೀಗಾ ಹಾಕಿದ್ರಿ! ನನ್ನ ಮನ್ಯಾಗ ನನಗ ಬೀಗಾ ಹಾಕಿದ್ರಿ! ಈಗ ಸಿಟ್ಟು ಬಂತಂತ ಸುಡ್ತೀರಿ. ನಾಳಿಂದ ಮತ್ತ ಗ್ವಾಡಿಗಿ ಮುಖಾ ಮಾಡಿ ಮಲಗ್ರಿ. ಆಗ ನಿಮ್ಮನ್ನ ಯಾರು ಎಬ್ಬಸಬೇಕ್ರಿ? ನನ್ನ ಕೈಲೆ ಆಗಂಗಿಲ್ಲ. ಹೇಳಾಕತ್ತೀನಿ, ನನ್ನ ಕೈಲೆ ಆಗಂಗಿಲ್ಲ!’

‘ನೀನು ಸಿಟ್ಟಾಗಿದ್ದೀ’ ಎಂದೆ, ಹುಚ್ಚನಂತೆ.

‘ಹೌದ್ರಿ! ಬಾಳ ಆಗೀನಿ!’ ಎಂದಳು. ಕೊಡಲಿಯನ್ನು ಹಿಡಿದುಕೊಂಡೇ ಆಟೋ ಹತ್ತಿದಳು. ಆಟೋದವನು ಹೆದರಿ ತಿರುಗಿ ತಿರುಗಿ ನೋಡುತ್ತಿದ್ದ.

ಈಗಿನ ಸ್ಥಿತಿ ಇದು. ಶರಣಕುಮಾರ ಮತ್ತು ಆ ಫಿರೋಜ್ ಸೇರಿ ಎರಡೂ ಹೋಳುಗಳನ್ನು ಹಿತ್ತಲ ತಗಡಿನ ಶೆಡ್ಡಿಗೆ ಸಾಗಿಸಿದರು. ಮನೆಗೂ ಅದಕ್ಕೂ ನಡುವೆ ಬೇವಿನ ಮರವಿದೆ. ಭುವನೇಶ್ವರಿ ನಿಯಮ ಹಾಕಿದ್ದಾಳೆ. ಮೊದಲು ಹಲಗೆಯ ಮೇಲೂ ಕೆಳಗೂ ಅಂಚಿಗೂ ಬಣ್ಣದ ಕೋಟು ಕೊಡಬೇಕು, ಆಗ ನೀರು ಒಳಗಿಳಿಯುವುದಿಲ್ಲ. ಉಳಿದ ಏರನ್ನು ವಾಟರ್‌ಪೇಪರಿನಿಂದ, ನೀರು ಹಚ್ಚಿಯೇ ಉಜ್ಜಬೇಕು. ಹಾಗೆ ಉಜ್ಜಿದರೆ ಧೂಳು ಹಾರದೆ ಕೆಸರಾಗಿ ಇಳಿದುಹೋಗುತ್ತದೆ. ಬಾಯಿಗೆ ಬಟ್ಟೆ ಕಟ್ಟಬೇಕು. ಸ್ನಾನ ಮಾಡದೆ ಮಗುವನ್ನು ಮುಟ್ಟುವಂತಿಲ್ಲ. ನಾನು ಎಲ್ಲಕ್ಕೂ ಹೂಂ ಎಂದೆ. ಕಾಳಿನ ಕೋಣೆಯನ್ನು ನಾನೇ ಮೂರು ಸಲ ತೊಳೆದೆ. ಡಾಕ್ಟರು ಸೈ ಎಂದ ಮೇಲೆ ಭಾಗಿ ಬರುತ್ತಾಳೆ. ಮುಂದಿನ ಭಾನುವಾರ ಶಹಾಪುರಕ್ಕೆ ನಾನೂ ಹೋಗುತ್ತಿದ್ದೇನೆ. ಅವರು ಕರೆಯಲಿಲ್ಲ. ಬರುತ್ತೇನೆ ಎಂದೆ.

ಅನುಮಾನ ಪೂರ್ತಿ ಹೋಯಿತೆಂದು ನಿನಗೆ ಸುಳ್ಳು ಬರೆಯಲಾರೆ. ನಿನ್ನೆ ಗಂಡಹೆಂಡತಿ ಮತ್ತೆ ಬೆನ್ನು ಮಾಡಿ ಮಾತಾಡುವುದನ್ನು ಕಂಡೆ. ಈ ಸಲ ಹೋಗಿ ಇಬ್ಬರ ನಡುವೆ ನಿಂತು ಏನೆಂದು ಕೇಳಿದೆ. ‘ನಿಮ್ಮ ಗೊರಕೀ ಸುದ್ದಿರಿ’ ಎಂದಳು. ಮಗ ನೆಲ ನೋಡಿದ.

ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಬೆಳಿಗ್ಗೆ ಚಹಾ ಲೋಟವನ್ನು ನನ್ನ ಮುಂದೆ ಕುಕ್ಕಿ ಇಟ್ಟಳು. ಅರ್ಧ ಚಹಾ ನನ್ನ ಧೋತರದ ಮೇಲೆ ಚೆಲ್ಲಿತು. ಒರೆಸಿಕೊಂಡು ಉಳಿದದ್ದನ್ನು ಕುಡಿದೆ. ಕಿವಿ ಹೋದಂದಿನಿಂದ ಈ ಮನೆಯಲ್ಲಿ ಯಾರೂ ನನ್ನ ಮುಂದೆ ಲೋಟ ಕುಕ್ಕಿರಲಿಲ್ಲ, ಅಕ್ಕ.

ನಿನ್ನ ತಮ್ಮ,
ವಿಶ್ವರಾಧ್ಯ